ಅಡ್ಜಸ್ಟ್ ಅನ್ನೋ ಕ್ರಿಯಾಪದ

…ಹೊಸ್ತಿಲದಾಗ ನಿಂತು, ನಗಕೋಂತ ಹೇಳ್ತಾನಲ್ಲ ನಿನ್ನ ಗಂಡ! 'ಮಾವಾ, ಮುಬೀನಾಗ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಾಕ ಹೇಳ್ರಿ.' ಹೆಣ್ತಿ ಕೈ ಮುರದಾಂವ, ನೀ ಒಳಗ ಪ್ಲಾಸ್ಟರ್ ಹಾಕ್ಕೊಂಡು ಕುಂತೀದಿ, ಆಂವ ಹೊರಗ ನಿಂತು ಅಡ್ಜಸ್ಟ್ ಅಂತಾನ. ಥೂ! ಆ ಮಾರಿ ನೋಡಿದ್ರ ಹೇಸಿಕಿ ಬಂತು ನನಗ. ನಿಮ್ಮಮ್ಮಿ ಚಾ ಇಡಾಕ ಎದ್ದಿದ್ಲು, ನಾನ ಬ್ಯಾಡ ಅಂದೆ. ಸಿಂದಗಿ ಬಸ್ಸು ಬರೂ ಹೊತ್ತಾತು ತೌಸಿಫ, ನಡಿ ಅಂದೆ.

ಯಾಕ ಹಂಗ ನೋಡ್ತೀ? ಅಂಜಬ್ಯಾಡ. ಸಂಜಿಗೆ ನ್ಯಾಯ ಮಾಡಾಕ ಹಿರೇರು ಬರ್ತಾರ, ಬರ್ಲಿ. ಅವನ ತಾಯಿ ಇಮಾಮಬಿನೂ ಬರ್ತಾಳ. ಹೆಣ್ಣು ಅಂದಮ್ಯಾಲೆ ಅಡ್ಜಸ್ಟ್ ಆಗಬೇಕು ಅಂತ ಸುರು ಮಾಡ್ತಾಳ. ಎ ಬಿ ಸಿ ಡಿ ಬರೂದಿಲ್ಲ ಆ ಮುದುಕಿಗೆ, ಈ ಒಂದು ಶಬ್ದ ಮಾತ್ರ ಬಾಯಿಪಾಠ ಐತಿ. ಯಾರು ಕಲಿಸಿದ್ರೋ ಏನೋ.

ಮೂವತ್ತು ವರ್ಷ ಇಂಗ್ಲಿಷ್ ಕಲಿಸೇನಿ ಈ ಮನಗೂಳ್ಯಾಗ. ಅಬ್ದುಲರಜಾಕ ಮಾಸ್ತರ ಒಂದು ಶಬ್ದ ಹಿಡದ್ರ ಅದರ ಅರ್ಥ, ಅದರ ಹುಟ್ಟು, ಅದರ ಬಳಕೆ, ಮೂರೂ ಹೇಳದ ಬೋರ್ಡ್ ಅಳಸಾಂವಲ್ಲ. ಕೇಳಿಲ್ಲಿ. ಲ್ಯಾಟಿನ್ನದಾಗ ಇದಕ್ಕ ಹತ್ರ ತಂದು ಇಡೂದು ಅಂತ ಅರ್ಥ. ಹತ್ರ… ಅಷ್ಟ. ಫ್ರೆಂಚರ ಬಾಯಾಗ ಬಿತ್ತು ನೋಡು, ನ್ಯಾಯಕ್ಕ ಅವರದೊಂದು ಶಬ್ದ ಐತಿ, ಇಂಗ್ಲಿಷಿನ 'ಜಸ್ಟ್' ಇದ್ದಂಗ, ಇದೂ ಅದರ ಬಳಗದ್ದ ಅಂತ ತಿಳಕೊಂಡ್ರು. ನ್ಯಾಯ ಆಗೂಹಂಗ ಕೂಡಿಸೂದು ಅಂತ ಆತು. ಎಂಥಾ ಖಾನದಾನಿ ಶಬ್ದ! ಗಡಿಯಾರದ ಮುಳ್ಳು ಅಡ್ಜಸ್ಟ್ ಮಾಡ್ತೀವಿ, ಸೈಕಲ್ ಸೀಟು ಅಡ್ಜಸ್ಟ್ ಮಾಡ್ತೀವಿ. ಬಾಗೇವಾಡಿ ಬಸ್ಸಿನ್ಯಾಗ ಮೂರು ಮಂದಿ ಸೀಟಿಗೆ ನಾಲ್ಕನೇದಾಂವ ಬಂದು ಅಡ್ಜಸ್ಟ್ ಮಾಡ್ರಿ ಅಂತಾನ. ಹೋಗ್ಲಿ, ಅದೂ ನಡೀತೈತಿ. ಇಳಿಯೂ ಊರು ಬರ್ತೈತಲ್ಲ. ಆದ್ರ ಹೊಡತಕ್ಕ? ಹೊಡತಕ್ಕೂ ಇದನ್ನ ಹಚ್ಚತಾರಂದ್ರ… ಛೀ, ಛೀ. ಬಾಯಾಗ ಹಿಡಕೊಳ್ಳಾಕ ಅಸಹ್ಯ ಆಗ್ತೈತಿ.

ಯಾಕ ನಗತೀ? ಮನಿ ಮುಳಗೂ ಹೊತ್ತಿನ್ಯಾಗ ಅಬ್ಬಾ ಪಾಠ ಮಾಡಾಕತ್ತಾನ ಅಂತನಾ? ನಗು. ನಕ್ಕರ ಛಲೋನ ಆತು.

ನಿಂದೂ ತಪ್ಪೈತಿ ಬೇಟಾ. ಲಗ್ನ ಆಗಿ ವರ್ಷಾತು, ತುಟಿ ಬಿಚ್ಚಲಿಲ್ಲ ನೀ. ಒಂದ ಮಾತು ನನ್ನ ಕಿವಿಗೆ ಹಾಕಿದ್ರ, ಅವತ್ತ ಸಿಂದಗಿಗೆ ಬಂದು ಕೈ ಹಿಡದು ಕರಕೊಂಡು ಬರ್ತಿದ್ದೆ. ಸಂಜಿಗೆ ಹಿರೇರ ಮುಂದೂ ನಾ ಇದನ್ನ ಹೇಳಾಂವ, ನಮಗ ಗೊತ್ತ ಇರಲಿಲ್ಲ ಅಂತ. ಯಾರರ ಕೇಳಿದ್ರ ನೀನೂ ಹಂಗ ಹೇಳು. ಮನ್ಯಾಗ ಹೇಳಿರಲಿಲ್ಲ ಅನ್ನು. ಅಷ್ಟ ಸಾಕು. ಹೂಂ ಅನ್ನಲ್ಲ…

ಹೂಂ ಅನ್ನು, ಮುಬೀನಾ.

ಯಾಕ ಎದ್ದಿ? ಚೀಲದಾಗ ಏನ್ ಹುಡಕ್ತೀ? ಒಂದ ಕೈಲೆ ಬಿಚ್ಚಾಕ ಆಗೂದಿಲ್ಲ, ತಾ ಇಲ್ಲೆ, ನಾ ಬಿಚ್ಚತೇನಿ… ಇದು… ಇದು ಇಂಗ್ಲಿಷ್ ನೋಟಬುಕ್. ನೀ ಸಣ್ಣಾಕಿದ್ದಾಗಿಂದ ವಾರಕ್ಕೊಂದು ಪುಟ ಬರಿಯಾಕಿ, ನಾ ತಿದ್ದಾಂವ. ಗಂಡನ ಮನಿಗೆ ಹೋದ್ರೂ ಬಿಡಬ್ಯಾಡ ಅಂದಿದ್ದೆ. ರಮಜಾನಕ್ಕ ಬಂದಾಗ ತಂದು ಕೊಟ್ಟಿದ್ದಿ… ಈಗ್ಯಾಕ ಇದು? ಒಳಗಿಡು. ಪುಟ ತಗಿಬ್ಯಾಡ. ಒಳಗಿಡು ಅಂದೆ.

…ಅಡಗಿಮನ್ಯಾಗ ನಿಮ್ಮಮ್ಮಿ ಅದಾಳ, ಸಣ್ಣಗ ಮಾತಾಡು.

ಇದನ್ನ ಓದಿರಲಿಲ್ಲೇನು ಅಂತ ಕೇಳ್ತೀ? ಓದಿಲ್ಲ ಅಂತ ಹ್ಯಾಂಗ ಅನ್ನಲಿ? ಕೆಂಪು ಶಾಯಿ ನಂದ ಐತಿ. ಅವರು ನನಗ ಹೊಡಿತಾರ ಅಬ್ಬಾ, ನಾ ಅಡ್ಜಸ್ಟ್ ಆಗಾಕ ನೋಡಾಕತ್ತೇನಿ ಅಂತ ಬರದೀದಿ. ಮುತ್ತಿನಂಥಾ ಅಕ್ಷರ ನಿಂದು. ನನಗ ತಿಳದಿತ್ತು ಬೇಟಾ. ಅವತ್ತ ತಿಳದಿತ್ತು. ಹಬ್ಬದಾಗ ಮಗಳನ್ನ ಮನ್ಯಾಗ ಇಟ್ಟುಕೊಂಡ್ರ ಮಂದಿ ಏನಂದಾರು ಅಂತ ಅಂಜಿದೆ. ನಾಕು ದಿವಸ ಇಟ್ಟುಕೊಂಡು, ಮಾತಾಡಲಾರದ ತಿರುಗಿ ಕಳಿಸಿದೆ ನಿನ್ನ.

ನೋಡಬ್ಯಾಡ ನನ್ನ ಹಂಗ… ಆತು, ಓದ್ತೇನಿ. ನಾನ ಓದ್ತೇನಿ. ಅಡ್ಜಸ್ಟ್ ಅನ್ನೂ ಶಬ್ದದ ಕೆಳಗ ಗೆರಿ ಹೊಡದೇನಿ. ಬಾಜೂಕ ಬರದೇನಿ, 'ಬಳಕೆ ಛಲೋ ಐತಿ. ಹತ್ತಕ್ಕ ಎಂಟು.'