ದೊರೆಸಾನಿ ಬಿಟ್ಟುಹೋದ ಮಗ್

ನೈರೋಬಿಯ ಪಾರ್ಕ್‌ಲ್ಯಾಂಡ್ಸ್‌ನಲ್ಲಿ, ಹಲ್ಲಿನ ಡಾಕ್ಟರ ಬಳಿ ನನ್ನ ಪಕ್ಕ ಕೂತಿದ್ದ ಅತ್ತೆಯೊಬ್ಬರು, ಸೊಸೆಯ ಕಥೆ ಅಚ್ಚಾಗಿದ್ದ ಪತ್ರಿಕೆಯನ್ನು ಅವಳ ಮಡಿಲಿಗೇ ಎಸೆದರು.

"ಈ ದೊರೆಸಾನಿ ನಾನೇ ತಾನೆ?"

"ಅಲ್ಲ ಅತ್ತೆ. ನಾವೀಗ ಇರೋ ಎಸ್ಟೇಟ್ ಬಂಗಲೆ ಕಟ್ಟಿಸಿದ ಇಂಗ್ಲಿಷ್ ಹೆಂಗಸು. ಬ್ರಿಟಿಷರ ಕಾಲದ ಕಥೆ."

"ಕೆಲಸದವನಿಗೆ ಹಿಂಬಾಗಿಲಲ್ಲಿ ಬೇರೆ ಮಗ್ ಇಟ್ಟಿದ್ಲು ಅಂತ ಬರ್ದಿದ್ದೀಯ. ಅದು ನಮ್ಮ ಮನೆ ಕೆಲಸದ ಕಿಮಾನಿದು. ಕನ್ನಡದೋರೆಲ್ಲ ಓದಿ ನನ್ನ ಮುಖಕ್ಕೆ ಉಗೀಲಿ ಅಂತಾನಾ?"

"ಆ ಮಗ್ ಅವಳ ಕಾಲದ್ದೇ. ಗೃಹಪ್ರವೇಶಕ್ಕೆ ಮುಂಚೆ, ಮೈಲಿಗೆ ಅಂತ ಅಲ್ಲಿದ್ದ ಹಳೇ ಪಾತ್ರೆಪಡಗ ಎಲ್ಲ ಹೊರಗೆ ಹಾಕ್ಸಿದ್ರಲ್ಲ, ಅದೊಂದನ್ನ ಯಾಕೆ ಇಟ್ಕೊಂಡ್ರಿ?"

ನರ್ಸ್ ಹೆಸರು ಕರೆದಳು. ಆಸರೆಗೆಂದು ಸೊಸೆ ಚಾಚಿದ ಕೈಯನ್ನು ಅತ್ತೆ ತಳ್ಳಿದರು.

"ಕೆಲಸದವನಿಗೆ ಒಂದು ಬೇಕಾಗಿತ್ತಲ್ವೇನೆ?" ಎಂದು ಒಬ್ಬರೇ ಒಳಗೆ ಹೋದರು.