ಸೌಟು ಹಿಡಿಯುವ ಕೈ

…ಯಾಕೆ ನಗ್ತೀಯ? ಆ ಹೆಸರು ನಾನಿಟ್ಟದ್ದಲ್ಲ ವನಿತಾ, ಕಂಪನಿಯವರೇ ಈ ಸ್ಯಾಂಪಲ್ ಚೂರಿನ ಬೆನ್ನ ಮೇಲೆ ಅಚ್ಚು ಹಾಕಿದ್ದಾರೆ. ‘ಮೋಕಾ ಡ್ರೀಮ್’! ಮೋಕಾ ಅಂದ್ರೆ ಒಂದು ಬಗೆಯ ಕಾಫಿಯಂತೆ. ನಮ್ಮ ಮನೆ ಕಾಫಿ ಈ ಬಣ್ಣಕ್ಕೆ ಬಂದರೆ ಅವ್ವ ಲೋಟದ ಸಮೇತ ಹಿತ್ತಲಿಗೆ ಎಸೀತಾಳೆ… ಹಾಂ, ನಗು, ನಗು. ನೀನು ನಕ್ಕು ಮೂರು ದಿನ ಆಯ್ತು. ಗುರುವಾರದಿಂದ ಈ ಮನೆಯಲ್ಲಿ ಪಾತ್ರೆಗಳು ಮಾತ್ರ ಮಾತಾಡ್ತಾ ಇವೆ.

ಸರಿ, ಹೊಸ ಅಡುಗೆಮನೆಗೆ ಬಣ್ಣ ಆರಿಸು. ಐದು ಗಂಟೆಗೆ ಡಿಸೈನರ್ ಭಾನುಪ್ರಿಯಾ ಅವರಿಗೆ ಫೋನ್ ಮಾಡಬೇಕು. ಅವರು ಹೂಂ ಅಂದರೆ ಬನ್ನೂರಿನ ಬಡಗಿ ಚಿಕ್ಕಸ್ವಾಮಿ ನಾಳೆ ಬೆಳಿಗ್ಗೆಯೇ ಪ್ಲೈವುಡ್ ಕೊಯ್ಯೋಕೆ ಶುರು ಮಾಡ್ತಾನೆ. ಕೊಯ್ದ ಮೇಲೆ ಮುಗೀತು. ಅದೇನು ನಮ್ಮ ಪಿಯುಸಿ ಮಕ್ಕಳ ಉತ್ತರಪತ್ರಿಕೆಯಾ, ಮರುಮೌಲ್ಯಮಾಪನಕ್ಕೆ ಹಾಕೋಕೆ?

ಹದಿನಾಲ್ಕು ವರ್ಷ ಆ ಕತ್ತಲೆಯ ಅಡುಗೆಮನೆಯಲ್ಲಿ ಬೆಂದವಳು ನೀನು. ಬಣ್ಣವಾದರೂ ನಿನ್ನ ಇಷ್ಟದ್ದಾಗಿರಲಿ ಅಂತ… ಯಾಕೆ ಹಾಗೆ ನೋಡ್ತೀಯ? ‘ಬಣ್ಣವಾದರೂ’ ಅಂದೆ ಅಂತಲಾ? ಬಾಯಿ ತಪ್ಪಿ ಬಂತು. ಎಲ್ಲವೂ ನಿನ್ನ ಇಷ್ಟದ್ದೇ. ಅದಕ್ಕೇ ತಾನೆ ಡಿಸೈನ್ ಗೊತ್ತಿರುವವರು ಬೇಕು ಅಂತ ಹುಡುಕಿ, ಮೈಸೂರಿನಿಂದ ನಂಜನಗೂಡಿನ ತನಕ ಅವರನ್ನ ಕರೆಸಿದ್ದು? ಎಂಥ ಸೂಕ್ಷ್ಮದ ಹೆಣ್ಣುಮಗಳು ನೋಡು! ಗುರುವಾರ ಬಂದವರೇ ‘ನನಗೊಂದು ಕಾಫಿ ಮಾಡಿಕೊಡಿ’ ಅಂತ ಕೇಳಿ, ನಿನ್ನ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತರು. ಕುಡಿಯೋ ಆಸೆಗಲ್ಲ. ನೀನು ಡಬ್ಬ ಎಲ್ಲಿಂದ ತೆಗೀತೀಯ, ಹಾಲು ಯಾವ ಕಡೆ ಇಡ್ತೀಯ, ಎಷ್ಟು ಸಲ ತಿರುಗ್ತೀಯ, ಎಲ್ಲವನ್ನೂ ನೋಡೋಕೆ. ನಾನು ಒಳಗೆ ಬಂದದ್ದು ಆಮೇಲೆ…

ಏನು? ಏನಿಲ್ಲ. ಏನೂ ಹೇಳಲಿಲ್ಲ ಅವರು. ಹೋಗುವಾಗ ಗೇಟಿನ ಹತ್ತಿರ ಎರಡು ಮಾತು… ಚಿಮಣಿಯ ವಿಷಯ. ಹೌದು, ಚಿಮಣಿಯದೇ.

ಇಲ್ಲಿ ನೋಡು ನಕ್ಷೆ. ಎಡಗಡೆ ಸಿಂಕು. ನಡುವೆ ಒಲೆ. ಒಲೆಯ ಬಲಕ್ಕೆ ತರಕಾರಿ ಹೆಚ್ಚುವ ಜಾಗ, ಅದರ ಕೆಳಗೆ ಸೌಟು, ಚಮಚ, ಚಾಕುವಿನ ಡ್ರಾಯರ್. ಕೈ ಚಾಚಿದರೆ ಸಾಕು, ಸೌಟು ತಾನಾಗಿ ಕೈಗೆ ಬರುತ್ತೆ! ಕಪ್ಪು ಗ್ರಾನೈಟಿನ ಕಟ್ಟೆ, ಅರಿಸಿನ ಬಿದ್ದರೂ ಕಲೆ ಕೂರಲ್ಲ. ಬಾಗಿಲುಗಳಿಗೆ ಹೊಳಪಿಲ್ಲದ್ದೇ ಇರಲಿ, ಹೊಳಪಿನದರ ಮೇಲೆ ಬೆರಳ ಗುರುತು ಎದ್ದು ಕಾಣುತ್ತಂತೆ… ಯಾರ ಬೆರಳು, ಯಾವ ಕೈ ಅಂತೆಲ್ಲ… ಅಂದ್ರೆ, ಒರೆಸ್ತಾ ಇರಬೇಕಾಗುತ್ತೆ ಅಂದೆ.

ಓ, ಆರಿಸೋಕೆ ಶುರು ಮಾಡಿದ್ಯಾ? ಭೇಷ್! ಬೂದು ಚೂರು ಬಲಕ್ಕೆ… ಕೆಂಪು ನಡುವೆ… ಬೂದು, ಕೆಂಪು, ಎಡಕ್ಕೆ ಈ ಮರದ ಬಣ್ಣದ್ದು. ಚೆನ್ನಾಗಿ ಹೊಂದುತ್ತೆ ಕಣೇ! ಕೆಂಪು ಮಾತ್ರ ಸ್ವಲ್ಪ ಜಾಸ್ತಿ ಆಯ್ತು ಅನ್ಸುತ್ತೆ. ಅವ್ವ ಮೂಗೂರಿನಿಂದ ಬಂದ ದಿನವೇ ‘ಇದೇನ್ಲಾ ಕುಮಾರ, ಅಡ್ಗೆಮನೆಗೆ ಕುಂಕುಮದ ನೀರು ಎರಚ್ಬುಟ್ಟಿದ್ದೀಯ?’ ಅಂತಾಳೆ. ಅನ್ನಲಿ ಬಿಡು. ನನ್ನ ತಂಗಿಯ ಬಾಣಂತನ ಮುಗಿಸಿಕೊಂಡು ಬರೋಕೆ ಅವಳಿಗೆ ಇನ್ನೂ ಒಂದು ತಿಂಗಳಿದೆ…

ಇಲ್ಲ, ಬೂದು ಎಡಕ್ಕಿರಲಿ. ಸಿಂಕಿನ ಕಡೆ ಬೂದು ಬಂದರೆ ನೀರಿನ ಕಲೆ ಕಾಣಲ್ಲ… ಮತ್ತೆ ಬಲಕ್ಕೇ ಎಳೆದೆಯಲ್ಲ! ನಕ್ಷೆ ನೋಡು ವನಿತಾ. ಸಿಂಕು ಎಡಕ್ಕೆ. ಸೌಟಿನ ಡ್ರಾಯರ್ ಬಲಕ್ಕೆ. ನೀನು ಇಟ್ಟಿರೋದು ತಿರುಗುಮುರುಗಾಗಿ…

…ನೀನು ಇಡ್ತಾ ಇರೋದು ಬಣ್ಣ ಅಲ್ಲ, ನಕ್ಷೆ.

ಬೂದು ಅಂದ್ರೆ ಸಿಂಕು, ಬಲಕ್ಕೆ. ಒಲೆ ನಡುವೆ. ಸೌಟು… ಎಡಕ್ಕೆ.

ಹೂಂ.

ನೋಡು, ಅವರು ಕೊಟ್ಟ ಫಾರಂನಲ್ಲಿ ಹನ್ನೆರಡು ಪ್ರಶ್ನೆ ಇದ್ವು. ನಾನು ಕಾಲೇಜು ಮುಗಿಸಿ, ತಿ. ನರಸೀಪುರದಿಂದ ಬರುವಾಗ ಬಸ್ಸಿನಲ್ಲೇ ಮೊಣಕಾಲ ಮೇಲಿಟ್ಟುಕೊಂಡು ತುಂಬಿ, ಫೋಟೊ ತೆಗೆದು ಕಳಿಸಿದೆ. ಮನೆಯಲ್ಲಿ ಎಷ್ಟು ಜನ? ಮಾಂಸ ಬೇಯಿಸ್ತೀರಾ? ಅಡುಗೆ ಮಾಡುವವರ ಎತ್ತರ ಎಷ್ಟು? ಅಡುಗೆ ಮಾಡುವವರು ಬಳಸುವುದು… ಬಲಗೈಯೋ ಎಡಗೈಯೋ? ಬಲಗೈ ಅಂತ ಗುರುತು ಹಾಕಿದೆ. ಬಸ್ಸು ಕುಲುಕ್ತಾ ಇತ್ತು. ಎಲ್ಲರೂ ಹಾಕೋದು ಅದೇ ತಾನೆ ಅಂತ… ಕೈತಪ್ಪು. ಇಷ್ಟೇ ವಿಷಯ.

ಮಾತಾಡು. ಬೈದಾದರೂ ಬಿಡು. ಹೀಗೆ ಮೂರು ಚೂರು ಇಟ್ಟುಕೊಂಡು ಕೂತರೆ ನಾನು ಏನು ಅಂತ…

ನೀನೂ ಬಿಟ್ಟುಬಿಟ್ಟಿದ್ದೆಯಲ್ಲ! ಹದಿನಾಲ್ಕು ವರ್ಷದಿಂದ ನನ್ನ ಮುಂದೆ ಬಲಗೈಯಲ್ಲೇ ಬಡಿಸ್ತೀಯ, ಬಲಗೈಯಲ್ಲೇ ಕಲಸ್ತೀಯ. ನಾನೇನು ಕನಸು ಕಾಣಬೇಕಿತ್ತಾ? ಅವ್ವ ಹಳೆಯ ಕಾಲದವಳು, ಮದುವೆಯಾದ ಹೊಸತರಲ್ಲಿ ನಿನ್ನನ್ನ ತಿದ್ದಿದಳು, ನೀನು ತಿದ್ದಿಕೊಂಡೆ, ಅದು ಅಲ್ಲಿಗೆ ಮುಗೀತು ಅಂತ ನಾನು…

ಹಾಗೆ ನೋಡಬೇಡ.

ಕಾಲನ್ನ ಯಾಕೆ ಸೀರೆಯ ಒಳಕ್ಕೆ ಎಳೆದುಕೊಂಡೆ? ಆ ಕಲೆ ನನಗೆ ಗೊತ್ತಿಲ್ವಾ?

…ಸರಿ. ಅವ್ವ ತಿದ್ದಿದಳು ಅಂತ ನಾನು ಎಲ್ಲರಿಗೂ ಹೇಳಿಕೊಂಡು ಬಂದಿದ್ದೀನಿ. ನಿನ್ನ ತಮ್ಮನ ಹತ್ತಿರ ಹೇಳಿದ್ದೀನಿ. ಹೇಳೀ ಹೇಳೀ ನಾನೇ ನಂಬಿಬಿಟ್ಟಿದ್ದೀನಿ. ಮೊದಲನೆಯ ಗೌರಿ ಹಬ್ಬ. ಮೂಗೂರಿನ ಮರಿಯಯ್ಯ ಮಾವನ ಮನೆಯವರೆಲ್ಲ ಪಂಕ್ತಿಯಲ್ಲಿ ಕೂತಿದ್ರು. ನೀನು ಹುಳಿಯ ಪಾತ್ರೆಯನ್ನ ಬಲಗೈಯಲ್ಲಿ ಹಿಡಿದು, ಎಡಗೈಯಲ್ಲಿ ಸೌಟು… ಅವ್ವ ಅಂದದ್ದು ಒಂದೇ ಮಾತು. ‘ಅಯ್ಯೋ, ಎಡಗೈಲಿ ಬಡುಸ್ತಾವ್ಳಲ್ಲ!’ ಅಷ್ಟೇ. ಮರಿಯಯ್ಯ ಮಾವ ‘ಅನ್ನ ತಿನ್ನೋ ನಮ್ಗೇನವ್ವಾ, ಯಾವ ಕೈ ಆದ್ರೂ ಉಳಿ ಉಳೀನೇ’ ಅಂತ ನಕ್ಕರು. ಅಲ್ಲಿಗೆ ಮುಗಿದು ಹೋಗ್ತಿತ್ತು. ಆದರೆ ಅವರ ನಗು ನನಗೆ… ನಾನು ಎದ್ದು ಬಂದು…

ಸೌಟಿಗೆ ಹೊಡೆದವನು ನಾನು. ನಿನ್ನ ಕೈಗೆ. ಹುಳಿ ಒಲೆಯಿಂದ ಇಳಿಸಿದ ಹಾಗೇ ಸುಡ್ತಾ ಇತ್ತು. ನಿನ್ನ ಪಾದದ ಮೇಲೆ ಬಿತ್ತು. ನೀನು ಕೂಗಲೂ ಇಲ್ಲ. ಪಾತ್ರೆ ಕೆಳಗಿಟ್ಟೆ, ಸೌಟನ್ನ ಬಲಗೈಗೆ ತಗೊಂಡೆ, ಮುಂದಿನ ಎಲೆಗೆ ಬಡಿಸಿದೆ.

ಹೋದ ತಿಂಗಳು ನಮ್ಮ ಕಾಲೇಜಿಗೆ ಒಬ್ಬ ತಾಯಿ ಬಂದಿದ್ರು. ಮಗಳು ಎಡಗೈಯಲ್ಲಿ ಬರೀತಾಳೆ, ಸ್ವಲ್ಪ ಗದರಿಸಿ ಸಾ ಅಂತ. ಅರ್ಧ ಗಂಟೆ ಬೋಧಿಸಿದೆ ಅವರಿಗೆ! ಅದು ದೋಷವಲ್ಲ, ಸ್ವಭಾವ. ಸ್ವಭಾವವನ್ನ ಹೊಡೆದು ತಿದ್ದೋದು ಅಪರಾಧ ಅಂತ. ಆ ತಾಯಿ ಕೈ ಮುಗಿದು ಹೋದ್ರು. ಸ್ಟಾಫ್ ರೂಮಿನಲ್ಲಿ ‘ಎಂಥ ಮಾತು ಆಡಿದ್ರಿ ಸಾರ್’ ಅಂದ್ರು. ಆ ಮಾತಿನ ಸುಖದಲ್ಲಿ ಮನೆಗೆ ಬಂದು, ನೀನು ಬಲಗೈಯಲ್ಲಿ ಬಡಿಸಿದ ಅನ್ನ ಉಂಡೆ. ಆಗಲೂ ನೆನಪಾಗಲಿಲ್ಲ. ಇಲ್ಲ, ಸುಳ್ಳು. ನೆನಪಾಯ್ತು. ಮಜ್ಜಿಗೆ ಕೇಳಿದೆ.

ಇಷ್ಟೇ. ಹೇಳಿಬಿಟ್ಟೆ. ಫಾರಂನಲ್ಲಿ ಕೈತಪ್ಪಾಯ್ತು, ನಾನು ಗಮನಿಸಲಿಲ್ಲ, ಕ್ಷಮಿಸು. ಇನ್ನು ಬಣ್ಣ…

ಯಾಕೆ ಕಿಟಕಿಯ ಕಡೆ ನೋಡ್ತಾ ಇದ್ದೀಯ? ಯಾರು ಬಂದ್ರು ಗೇಟಿಗೆ? ಯಾರೂ ಇಲ್ಲವಲ್ಲ. ಬರೀ ನಮ್ಮ ಕರಿಬೇವಿನ ಗಿಡ…

ಕರಿಬೇವಿನ ಗಿಡ.

ಗುರುವಾರ ಸಂಜೆ ಒಗ್ಗರಣೆಗೆ ಕರಿಬೇವು ಹಾಕಿದ್ದೆ ನೀನು. ಹಸಿಯದು. ಆಗ ತಾನೇ ಕೊಯ್ದದ್ದು.

ನಾವು ಗೇಟಿನ ಹತ್ತಿರ ಮಾತಾಡ್ತಾ ಇದ್ದಾಗ ಅಲ್ಲೇ ಇದ್ದೆಯಾ? ಗಿಡದ ಹಿಂದೆ? ಮೊದಲಿನಿಂದಲೂ?

…ಹಾಗಾದರೆ ಭಾನುಪ್ರಿಯಾ ಅಂದದ್ದನ್ನೂ ಕೇಳಿಸಿಕೊಂಡೆ. ‘ಸರ್, ಫಾರಂ ತಪ್ಪಾಗಿದೆ. ಮೇಡಂ ಎಡಗೈಯವರು. ನಾನೊಬ್ಬಳೇ ಇದ್ದಾಗ ಎಲ್ಲವನ್ನೂ ಎಡಗೈಯಲ್ಲೇ ಮಾಡಿದ್ರು. ಹೊಸಿಲ ಹತ್ತಿರ ನಿಮ್ಮ ಚಪ್ಪಲಿಯ ಸದ್ದಾಯ್ತು ನೋಡಿ, ಚಮಚ ಆ ಕೈಯಿಂದ ಈ ಕೈಗೆ ಹೋಯ್ತು.’ ಕೇಳಿಸಿಕೊಂಡೆ. ನಕ್ಷೆ ಪೂರ್ತಿ ತಿರುಗಿಸ್ತೀನಿ, ಸಿಂಕಿನ ಪೈಪು ಆಚೆ ಗೋಡೆಗೆ ಹೋಗಬೇಕು, ಒಂದು ವಾರ ತಡ ಆಗುತ್ತೆ ಅಷ್ಟೇ ಅಂದದ್ದನ್ನೂ ಕೇಳಿಸಿಕೊಂಡೆ. ಆಮೇಲೆ ನಾನು ಹೇಳಿದ್ದನ್ನ…

‘ಬೇಡ ಬಿಡಿ ಮೇಡಂ. ಅವಳಿಗೆ ಬಲಗೈ ರೂಢಿಯಾಗಿದೆ. ಈ ವಿಷಯ ಅವಳ ಹತ್ತಿರ ಎತ್ತಬೇಡಿ, ಸುಮ್ಮನೆ ಬೇಜಾರು ಮಾಡಿಕೊಳ್ತಾಳೆ.’

ಒಂದು ವಾರದ ಮಾತಲ್ಲ ವನಿತಾ. ತಿದ್ದಿದರೆ… ಎಡಗೈ ಅಂತ ನನ್ನ ಅಕ್ಷರದಲ್ಲಿ ಬರೆದರೆ, ಅವತ್ತಿನ ಪಂಕ್ತಿಯಲ್ಲಿ ಎದ್ದು ಬಂದವನು ಯಾರು ಅಂತ ನಾನೇ ಬರೆದುಕೊಟ್ಟ ಹಾಗಾಗ್ತಿತ್ತು. ಅದಕ್ಕೆ ನಿನಗೆ ಬಣ್ಣದ ಚೂರು ತಂದು ಕೊಟ್ಟೆ. ಇನ್ನು ಇಪ್ಪತ್ತು ವರ್ಷ ನೀನು ಆ ಕಟ್ಟೆಯ ಮುಂದೆ ಮೈ ತಿರುಚಿಕೊಂಡು ನಿಲ್ಲು, ಬಾಗಿಲಿನ ಬಣ್ಣ ಮಾತ್ರ ನಿನ್ನ ಇಷ್ಟದ್ದು ಅಂತ!

ಫಾರಂ ತಗೋ. ಪೆನ್ನು ತಗೋ. ನೀನೇ ಬರಿ.

…ತಗೊಳ್ಳಲ್ವಾ? ಸರಿ. ತಪ್ಪು ಬರೆದವನು ನಾನು, ತಿದ್ದಬೇಕಾದವನೂ ನಾನೇ. ಇಗೋ… ಎ-ಡ-ಗೈ. ಕೆಳಗೆ ನನ್ನ ಸಹಿ. ಫೋಟೊ ತೆಗೆದು ಕಳಿಸ್ತಾ ಇದ್ದೀನಿ, ನೋಡು. ಹೋಯ್ತು. ಚಿಕ್ಕಸ್ವಾಮಿ ನಾಳೆ ಕೊಯ್ಯಲ್ಲ.

ಭಾನುಪ್ರಿಯಾ ಆಗಲೇ ಉತ್ತರ ಬರೀತಾ ಇದ್ದಾರೆ. ‘ತುಂಬಾ ಸಂತೋಷ ಸರ್. ಮೇಡಂ ಒಲೆಯ ಮುಂದೆ ನಿಂತು ಸೌಟು ಹಿಡಿಯಲಿ. ಮೊಣಕೈಯಿಂದ ನೆಲಕ್ಕೆ ಅಳತೆ ಕಳಿಸಿ.’ ಹೌದು, ಎತ್ತರವನ್ನೂ ನಾನು ಅಂದಾಜಿನಲ್ಲೇ ಬರೆದಿದ್ದೆ. ಬಾ. ಏಳು ವನಿತಾ. ಟೇಪು ನನ್ನ ಹತ್ತಿರ ಇದೆ. ಇಲ್ಲಿ ನಿಲ್ಲು. ಇಗೋ ಸೌಟು, ಹಿಡಿ…

ಅಯ್ಯೋ.

ಬಲಗೈ ಚಾಚಿದೆಯಲ್ಲ.

ಎಲ್ಲ ಹೇಳಿದ ಮೇಲೂ? ಬೇಕಂತ ಅಲ್ಲ… ಗೊತ್ತು, ನೀನು ಬೇಕಂತ ಮಾಡಲಿಲ್ಲ. ನಾನು ನೋಡ್ತಾ ಇದ್ದೀನಲ್ಲ, ಅದಕ್ಕೆ. ನಾನು ನೋಡ್ತಾ ಇದ್ದರೆ ಆ ಕೈ ಮೇಲೇಳೋದೇ ಇಲ್ಲ.

ಸೌಟು ಕಟ್ಟೆಯ ಮೇಲೆ ಇಟ್ಟಿದ್ದೀನಿ. ನಾನು ಗೋಡೆಗೆ ಮುಖ ಮಾಡಿ ನಿಲ್ತೀನಿ. ಇಗೋ, ತಿರುಗಿದೆ. ತಿರುಗಿ ನೋಡಲ್ಲ, ಆಣೆ. ಎಷ್ಟು ಹೊತ್ತಾದರೂ ಆಗಲಿ…

ಈಗ ಹಿಡಿ.