ಇನ್ನು ಹತ್ತೇ ನಿಮಿಷ

ಸಂಜೆ ಆರೂಕಾಲಿಗೆ ಅಕ್ಕ ಆಫೀಸು ಮುಗಿಸಿ ಮನೆಗೆ ನಡೆದು ಬರುತ್ತಿದ್ದಳು. ಗುಡ್ಡದ ಬುಡದಲ್ಲಿ ಒಂದು ಹಳೇ ಬಾವಿ ಇದೆ. ಕಬ್ಬಿಣದ ಜಾಲರಿ ಹಾಕಿ ಮುಚ್ಚಿದ್ದಾರೆ. ಬಾವಿಯ ಎಡಕ್ಕೆ ತಿರುಗಿದರೆ ಮನೆ, ಬಲಕ್ಕೆ ತಿರುಗಿದರೆ ಗುಡ್ಡದ ದಾರಿ. ಕತ್ತಲು ಇಳಿಯುತ್ತಿತ್ತು. ಜಾಲರಿಯ ಕೆಳಗೆ ಎಲ್ಲೋ ನೀರು ತೊಟ್ಟಿಕ್ಕುತ್ತಿತ್ತು... ಟಿಣ್... ಟಿಣ್... ಬುದ್ಧಿ ಇದ್ದವರು ಎಡಕ್ಕೆ ತಿರುಗುವ ಹೊತ್ತು.

ಅಕ್ಕ ಬಲಕ್ಕೆ ತಿರುಗಿದಳು.

ಅಕ್ಕ ಅಂದರೆ ನನ್ನ ದೊಡ್ಡಮ್ಮನ ಮಗಳು. ಇದು ಯಾರೋ ಯಾರಿಗೋ ಹೇಳಿ, ಅವರು ನನಗೆ ಹೇಳಿದ್ದಲ್ಲ. ಅವಳ ಬಾಯಿಂದ ನೇರ ನನ್ನ ಕಿವಿಗೆ ಬಂದದ್ದು. ಕೊನೆಯ ಭಾಗಕ್ಕಂತೂ ನಾನೇ ಸಾಕ್ಷಿ. ದೀಪ ಸಣ್ಣದು ಮಾಡಿಕೊಂಡು ಕೇಳಿ. ಆರಿಸುವುದು ಮಾತ್ರ ಬೇಡ.

ಅವಳದು ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದುವ ಕೆಲಸ. ಇಪ್ಪತ್ತೆರಡು ವರ್ಷದಿಂದ ಅದೇ. ಬೀದಿಯವರು ರೀಡಿಂಗ್ ಅಕ್ಕ ಅಂತಲೇ ಕರೆಯುತ್ತಾರೆ. ಹೋದ ವರ್ಷ ಡಾಕ್ಟರು ಅವಳ ಎಡಗಡೆ ಶ್ವಾಸಕೋಶದಲ್ಲಿ ಅರ್ಧ ತೆಗೆದುಹಾಕಿದರು. ಮೂರು ತಿಂಗಳು ಮಲಗಿ, ಎದ್ದು, ಸೀರೆ ಉಟ್ಟು ಆಫೀಸಿಗೆ ಹೋದಳು. ನೋಡಿದರೆ ಅವಳ ಏರಿಯಾ ಬೇರೆಯವರ ಪಾಲಾಗಿತ್ತು. ಅವಳಿಗೆ ದೂರು ಕೌಂಟರಿನಲ್ಲಿ ಕುರ್ಚಿ ಹಾಕಿದ್ದರು. ಅದೂ ಫ್ಯಾನಿನ ಕೆಳಗೆ. ಇಡೀ ಆಫೀಸು ಆಸೆಪಡುವ ಜಾಗ ಅದು. ಅಕ್ಕ ಅದನ್ನು ಶವಪೆಟ್ಟಿಗೆ ನೋಡಿದ ಹಾಗೆ ನೋಡಿದಳಂತೆ.

"ಸರ್, ನನ್ನ ಏರಿಯಾ ವಾಪಸ್ ಕೊಡಿ."

"ಮೂರು ಮೂರು ಮಹಡಿ ಹತ್ತೋ ಕೆಲಸ ಅಮ್ಮಾ. ಇನ್ನು ನಿಮ್ಮ ಕೈಲಾಗಲ್ಲ," ಅಂದರು ಸಾಹೇಬರು.

"ಆಗುತ್ತೆ."

"ಆಗುತ್ತಾ? ಹಾಗಾದ್ರೆ ಆ ಗುಡ್ಡ ಹತ್ತಿ ತೋರಿಸಿ, ನೋಡೋಣ."

ಟೀ ಕುಡಿಯುತ್ತಿದ್ದವರೆಲ್ಲ ನಕ್ಕರು. ಸಾಹೇಬರು ಅಂದದ್ದು ತಮಾಷೆಗೆ. ನಮ್ಮ ಅಕ್ಕನ ಹತ್ತಿರ ತಮಾಷೆ ಮಾಡಬಾರದು ಅನ್ನುವುದು ಮನೆಯವರಿಗೆ ಗೊತ್ತು, ಆಫೀಸಿನವರಿಗೆ ಗೊತ್ತಿರಲಿಲ್ಲ. ಅವತ್ತೇ ಸಂಜೆ ಅವಳು ಬಾವಿಯ ಹತ್ತಿರ ಬಲಕ್ಕೆ ತಿರುಗಿದ್ದು.

ಗುಡ್ಡ ದೊಡ್ಡದೇನಲ್ಲ. ಸಮುದ್ರಕ್ಕೆ ಅಂಟಿಕೊಂಡು ನಿಂತಿದೆ. ಊರಿನವರು ಅದನ್ನು ಬೆಟ್ಟ ಅನ್ನುತ್ತಾರೆ, ಬೆಟ್ಟ ನೋಡಿದವರು ಗುಡ್ಡ ಅನ್ನುತ್ತಾರೆ. ಒಂದೇ ದಾರಿ. ಎಡಕ್ಕೆ ಗೋಡೆಯಂಥ ಮುಳ್ಳುಪೊದೆ, ಬಲಕ್ಕೆ ಜಾರು ಬಂಡೆ, ಅದರ ಕೆಳಗೆ ನೀರು. ರಜೆಯ ದಿನ ಜನ ಮಕ್ಕಳು ಮರಿ ಕಟ್ಟಿಕೊಂಡು ತುದಿಯಿಂದ ಸಮುದ್ರ ನೋಡಲು ಹೋಗುತ್ತಾರೆ. ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತ, ಇಳಿದು ಬರುವವರನ್ನು ಇನ್ನೆಷ್ಟು ದೂರ ಅಂತ ಕೇಳುತ್ತಾರೆ. ಇಳಿಯುವವರೆಲ್ಲ ಒಂದೇ ಉತ್ತರ ಕೊಡುತ್ತಾರೆ. ಇನ್ನು ಹತ್ತೇ ನಿಮಿಷ. ಹತ್ತು ನಿಮಿಷ ಅಲ್ಲ ಅನ್ನುವುದು ಇಬ್ಬರಿಗೂ ಗೊತ್ತಿರುತ್ತದೆ. ಇದನ್ನು ಸುಳ್ಳು ಅನ್ನಬಾರದು. ಶಿಷ್ಟಾಚಾರ ಅನ್ನಬೇಕು.

ಆದರೆ ಕತ್ತಲಾದ ಮೇಲೆ ಇಳಿದು ಬರುವವನು ಒಬ್ಬನಿದ್ದಾನೆ ಅಂತ ಮಾತಿತ್ತು. ಬೀದಿಯ ಕೊನೆಯಲ್ಲಿ ಕ್ಷೌರದಂಗಡಿ ಇಟ್ಟವನು ಒಮ್ಮೆ ಹೊಸ ಬೂಟು ಹಾಕಿಕೊಂಡು ಸಂಜೆ ಗುಡ್ಡ ಹತ್ತಿದ. ಬೆಳಗ್ಗೆ ಬಾವಿಕಟ್ಟೆಯ ಮೇಲೆ ಕೂತಿದ್ದ. ಬೂಟಿನ ಅಟ್ಟೆ ಎರಡೂ ಸವೆದು, ಹೆಬ್ಬೆರಳು ಹೊರಗೆ ಕಾಣುತ್ತಿದ್ದವು. ತುದಿ ಮುಟ್ಟಿದೆಯಾ ಅಂತ ಕೇಳಿದರೆ, "ಇನ್ನು ಹತ್ತೇ ನಿಮಿಷ ಇತ್ತು" ಅಂದ. ಒಂದು ವಾರ ಅಷ್ಟನ್ನೇ ಹೇಳುತ್ತಿದ್ದ. ಅವನ ಕೈಯಲ್ಲಿ ಕತ್ತರಿ ನೋಡುವ ಧೈರ್ಯ ಯಾರಿಗೂ ಇರಲಿಲ್ಲ.

ಅಕ್ಕ ಅದನ್ನು ನಂಬಿರಲಿಲ್ಲ. ಬೂಟು ಅಗ್ಗದ್ದು ಅಂದುಕೊಂಡಿದ್ದಳು.

ಆರು ನಲವತ್ತು. ಮೊದಲನೇ ತಿರುವು. ಮೇಲಿನಿಂದ ಸದ್ದು ಬಂತು. ಚಟ್... ಸರ್... ಚಟ್... ಸರ್... ಒಂದು ಕಾಲಿನ ಅಟ್ಟೆ ಕಿತ್ತುಬಂದು ಕಲ್ಲಿಗೆ ಬಡಿಯುವ ಸದ್ದು. ಒಬ್ಬ ಇಳಿದು ಬರುತ್ತಿದ್ದ, ತಲೆಗೆ ಟೋಪಿ, ಮೊಣಕೈವರೆಗೆ ಮಡಚಿದ ತೋಳಿನ ಶರ್ಟು. ಅವಳು ಏನೂ ಕೇಳಿರಲಿಲ್ಲ. ಅವನೇ ಪಿಸುಗುಟ್ಟಿದ.

"ಇನ್ನು ಹತ್ತೇ ನಿಮಿಷ."

"ಸರಿ," ಅಂದಳು. ದಾರಿ ಬಿಟ್ಟಳು. ಅವನು ಇಳಿದು ಹೋದ.

ಆರು ಐವತ್ತೆರಡು. ಎರಡನೇ ತಿರುವು. ಮೇಲಿನಿಂದ... ಚಟ್... ಸರ್... ಅದೇ ಟೋಪಿ. ಅದೇ ಶರ್ಟು.

"ಇನ್ನು ಹತ್ತೇ ನಿಮಿಷ."

ಅವಳನ್ನು ದಾಟಿ ಯಾರೂ ಮೇಲೆ ಹೋಗಿರಲಿಲ್ಲ. ಪೊದೆಯಲ್ಲಿ ಬೆಕ್ಕು ನುಸುಳುವುದೂ ಕಷ್ಟ. ಕ್ಷೌರದವನ ಹೆಬ್ಬೆರಳು ನೆನಪಾಯಿತು. ತಿರುಗಿ ಹೋಗಲೇ ಅಂತ ಒಂದು ಕ್ಷಣ ಅನ್ನಿಸಿತು. ಆಮೇಲೆ ಆ ಕುರ್ಚಿ ನೆನಪಾಯಿತು. ಆ ಫ್ಯಾನು ನೆನಪಾಯಿತು. ಮೇಲಕ್ಕೆ ನಡೆದಳು.

ಏಳು ಐದು. ಚಟ್... ಸರ್... ಚಟ್...

ಅಕ್ಕ ಮೆಟ್ಟಿಲ ಕೆಳಗಿನ ಮೀಟರ್ ನೋಡಲು ಇಟ್ಟುಕೊಂಡ ಟಾರ್ಚ್ ತೆಗೆದು ನೇರ ಅವನ ಎದೆಗೆ ಹಿಡಿದಳು. ಬೆಳಕು ಅವನ ಮೇಲೆ ನಿಲ್ಲಲಿಲ್ಲ. ಹಿಂದಿನ ಪೊದೆಯ ಮೇಲೆ ಬಿತ್ತು... ಒಂದೊಂದು ಮುಳ್ಳೂ ಕಾಣಿಸಿತು.

"ನಿಂತ್ಕೊಳ್ಳಿ ಯಜಮಾನ್ರೇ."

ಅವನು ನಿಂತ. ಹಾಗೆ ಯಾರೂ ಅವನನ್ನು ನಿಲ್ಲಿಸಿರಲಿಲ್ಲ ಅಂತ ಕಾಣುತ್ತದೆ.

"ಆರು ನಲವತ್ತಕ್ಕೆ ಹತ್ತು ನಿಮಿಷ ಅಂದ್ರಿ. ಆರು ಐವತ್ತೆರಡಕ್ಕೂ ಹತ್ತು ನಿಮಿಷ. ಈಗ ಎಷ್ಟು?"

"...ಹತ್ತೇ ನಿಮಿಷ."

"ನಿಮ್ಮ ಮೀಟರ್ ಕೆಟ್ಟಿದೆ. ಹೋಗ್ಲಿ, ತುದೀಲಿ ಏನಿದೆ ಹೇಳಿ. ಬೆಂಚಿದೆಯಾ? ಹಡಗು ಕಾಣುತ್ತಾ?"

ಕೆಳಗೆ ಅಲೆ ಬಂಡೆಗೆ ಬಡಿದು ಜಾರಿತು... ದಬ್... ಶ್‌ಶ್...

"ಕೇಳಿದ್ದು ನಿಮ್ಮನ್ನೇ."

"...ನೋಡಿಲ್ಲ."

"ಏನಂದ್ರಿ?"

"ಹೋಗಿಲ್ಲ ನಾನು... ನಂಗೆ ಹೇಳಿದ್ರು... ಇನ್ನು ಹತ್ತೇ ನಿಮಿಷ ಅಂತ..."

ಇಲ್ಲಿ ಒಂದು ವಿಷಯ ತಿಳಿದಿರಬೇಕು. ಮೀಟರ್ ಓದುವವರಲ್ಲಿ ಕ್ಷಮೆಯಿಲ್ಲದ ಪಾಪ ಒಂದೇ. ಮನೆಗೆ ಹೋಗದೆ, ಮೀಟರ್ ನೋಡದೆ, ಟೀ ಅಂಗಡಿಯಲ್ಲಿ ಕೂತು ಅಂದಾಜಿಗೆ ಅಂಕಿ ಬರೆಯುವುದು. ಅಕ್ಕ ನಾಯಿ ಕಡಿಸಿಕೊಂಡಿದ್ದಾಳೆ, ಗೇಟು ಹಾರಿದ್ದಾಳೆ, ಜೇನುಗೂಡಿನ ಕೆಳಗೆ ಮೈ ಬಗ್ಗಿಸಿ ನಿಂತು ಓದಿದ್ದಾಳೆ. ನೋಡದೆ ಒಂದು ಅಂಕಿಯನ್ನೂ ಬರೆದವಳಲ್ಲ. ಅಲ್ಲಿಯವರೆಗೆ ಅವಳಿಗೆ ಹೆದರಿಕೆ ಇತ್ತು. ಆಮೇಲೆ ಹೆದರಿಕೆಗೆ ಜಾಗವೇ ಉಳಿಯಲಿಲ್ಲ.

"ನೋಡ್ದೆ ರೀಡಿಂಗ್ ಕೊಟ್ಟಿದ್ದೀರಾ!" ಪೊದೆಯಿಂದ ಹಕ್ಕಿಯೊಂದು ಪಟಪಟನೆ ಎದ್ದು ಹೋಯಿತು. "ನಾಚಿಕೆ ಆಗಲ್ವಾ? ಎಷ್ಟು ಜನರ ಕಾಲು ಸವೆಸಿದ್ದೀರಿ ಹೀಗೆ? ಪಾಪ, ಆ ಕ್ಷೌರದವನ ಅಂಗಡಿಗೆ ಒಂದು ವಾರ ಯಾರೂ ಕಾಲಿಡ್ಲಿಲ್ಲ!"

"...ವಾಪಸ್ ಹೋಗಿಬಿಡಿ."

"ನಾನ್ಯಾಕೆ ಹೋಗ್ಲಿ? ನೀವು ಬನ್ನಿ. ಕಣ್ಣಾರೆ ನೋಡಿ, ಆಮೇಲೆ ಜನಕ್ಕೆ ಹೇಳಿ. ನಡೀರಿ."

ಅವಳು ಅವನ ಪಕ್ಕದಿಂದಲೇ ದಾಟಿ ಮೇಲೆ ನಡೆದಳು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬೆನ್ನ ಹಿಂದೆ... ಚಟ್... ಸರ್... ಚಟ್... ಸರ್... ಮೊದಲ ಸಲ ಆ ಸದ್ದು ಮೇಲಕ್ಕೆ ಹತ್ತುತ್ತಿತ್ತು.

ತಿರುಗಿ ನೋಡಿದೆಯಾ ಅಂತ ನಾನು ಆಮೇಲೆ ಕೇಳಿದೆ. ಇಲ್ಲ ಅಂದಳು. ಧೈರ್ಯ ಇರಲಿಲ್ಲ ಅಂತಲ್ಲ, ಮುಂದೆ ನೋಡುವುದಕ್ಕೆ ಆಗುವಷ್ಟೇ ಉಸಿರಿತ್ತು ಅಂತೆ. ಇಪ್ಪತ್ತು ಹೆಜ್ಜೆ ಹಾಕುವುದು, ನಿಲ್ಲುವುದು. ಅವಳು ನಿಂತರೆ ಹಿಂದಿನ ಸದ್ದೂ ನಿಲ್ಲುತ್ತಿತ್ತು. ಎದೆಯ ಎಡಕ್ಕೆ ಹೊಲಿಗೆ ಹಾಕಿದ ಜಾಗ ಚುರುಗುಟ್ಟುತ್ತಿತ್ತು. ಇಪ್ಪತ್ತು ಹದಿನೈದಾಯಿತು. ಹದಿನೈದು ಎಂಟಾಯಿತು. ಕೊನೆಯ ಏರಿನಲ್ಲಿ ಬಂಡೆಗೆ ಕೈ ಊರಿ ಬಗ್ಗಿ ನಿಂತಳು. ಗಂಟಲಲ್ಲಿ ಸೀಟಿ ಊದಿದ ಹಾಗೆ... ಕುಂಯ್... ಕುಂಯ್...

ಕಿವಿಯ ಹತ್ತಿರವೇ ಪಿಸುಮಾತು. "ಆಗಲ್ಲ... ಬಿಟ್ಟುಬಿಡಿ."

ಸಾಹೇಬರ ಮಾತೇ. ಧ್ವನಿ ಮಾತ್ರ ಬೇರೆ.

"ಬಾಯಿ ಮುಚ್ಕೊಂಡು ಬನ್ನಿ," ಅಂದಳು ಅಕ್ಕ. ಅಷ್ಟು ಹೇಳಲು ಮೂರು ಸಲ ಉಸಿರೆಳೆದುಕೊಳ್ಳಬೇಕಾಯಿತು. ಆದರೂ ಪೂರ್ತಿ ಹೇಳಿದಳು. ಆಮೇಲೆ ಕೈಯೂರಿ, ಮಂಡಿಯೂರಿ ಹತ್ತಿದಳು.

ಏಳು ಇಪ್ಪತ್ತೆರಡು. ತುದಿ.

ಬೆಂಚಿಲ್ಲ. ಒಂದು ಕೋಣೆಯಷ್ಟು ಅಗಲದ ಚಪ್ಪಟೆ ಬಂಡೆ, ಅಷ್ಟೆ. ಒಂದು ಕಡೆ ಕಪ್ಪು ಸಮುದ್ರ, ಅದರ ಮೇಲೆ ಸಾಲಾಗಿ ಮೀನುದೋಣಿಗಳ ದೀಪ. ಇನ್ನೊಂದು ಕಡೆ ಊರು. ಮಹಡಿ ಮನೆಗಳು, ಬೀದಿಗಳು, ಕಿಟಕಿಗಳು. ಇಪ್ಪತ್ತೆರಡು ವರ್ಷ ಒಂದೊಂದಾಗಿ ಓದಿದ್ದೆಲ್ಲ ಒಟ್ಟಿಗೆ ಉರಿಯುತ್ತಿತ್ತು. ಇದು ನನ್ನ ಏರಿಯಾ ಅಂತ ಜೋರಾಗಿಯೇ ಹೇಳಿದಳಂತೆ. ಅಷ್ಟಕ್ಕೆ ಉಸಿರು ಸಾಕಾಯಿತು.

ಬೆನ್ನ ಹಿಂದೆ ಸದ್ದು ಬಂದು ನಿಂತಿತು.

"...ಇಷ್ಟೇನಾ?"

"ಇಷ್ಟೇ. ಯಾಕೆ, ಸಾಲದಾ?"

ಕೆಳಗೆ ಅಲೆ... ದಬ್... ಶ್‌ಶ್...

"...ಸಾಕು."

ಅವಳು ಮೊಬೈಲಿನಲ್ಲಿ ಒಂದು ಫೋಟೋ ತೆಗೆದಳು. ಟಾರ್ಚ್ ಹಿಡಿದು ಇಳಿದು ಬಂದಳು. ಹಿಂದೆ ಯಾವ ಸದ್ದೂ ಇಳಿಯಲಿಲ್ಲ.

ಮರುದಿನ ಸಾಹೇಬರು ಫೋಟೋವನ್ನು ಹಿಗ್ಗಿಸಿ, ಕುಗ್ಗಿಸಿ, ಅಡ್ಡಡ್ಡ ತಿರುಗಿಸಿ ನೋಡಿದರು. "ಚೆನ್ನಾಗಿದೆ ಅಮ್ಮಾ. ಆದ್ರೆ ಫೈಲಿಗೆ ಫೋಟೋ ನಡೆಯಲ್ಲ. ಡಾಕ್ಟರ ಸರ್ಟಿಫಿಕೇಟ್ ಬೇಕು." ದೆವ್ವವನ್ನು ಒಪ್ಪಿಸಬಹುದು, ಆಫೀಸನ್ನು ಒಪ್ಪಿಸುವುದು ಕಷ್ಟ.

ಗುರುವಾರ ಆಸ್ಪತ್ರೆಗೆ ಹೋದೆವು. ನಾನೂ ಹೋಗಿದ್ದೆ, ಅವಳ ಬ್ಯಾಗು ಹಿಡಿದುಕೊಳ್ಳಲು. ನರ್ಸು ಉಸಿರಿನ ಬಲ ಅಳೆಯುವ ಒಂದು ಊದುವ ಕೊಳವೆ ಕೊಟ್ಟಳು. ಅದರ ಮೇಲೆ ಅಂಕಿಗಳು, ಒಂದು ಕೆಂಪು ಮುಳ್ಳು. ಊದಿದಷ್ಟು ಮುಳ್ಳು ಮುಂದೆ ಹೋಗಿ ಅಲ್ಲೇ ನಿಲ್ಲುತ್ತದೆ. ಮುನ್ನೂರು ದಾಟಿದರೆ ಸರ್ಟಿಫಿಕೇಟ್, ಇಲ್ಲದಿದ್ದರೆ ಕುರ್ಚಿ. ಮೂರು ಅವಕಾಶ.

ಮೊದಲನೇ ಸಲ ಇನ್ನೂರ ನಲವತ್ತು. ಎರಡನೇ ಸಲ ಇನ್ನೂರ ಐವತ್ತೈದು. ಮೂರನೇ ಸಲ ಅಕ್ಕನ ಕತ್ತಿನ ನರ ಉಬ್ಬಿ ಬಂದವು. ಇನ್ನೂರ ಎಪ್ಪತ್ತು. ಕೊಳವೆಯನ್ನು ಬಾಯಿಂದ ತೆಗೆದಳು. ತುಟಿ ಒರೆಸಿಕೊಂಡಳು.

ಬೆನ್ನ ಹಿಂದೆ ಎಲ್ಲೋ ಒಂದು ಚಟ್... ಸರ್... ಮುಳ್ಳು ಹೊರಟಿತು. ಕಿರ್... ಕಿರ್... ಒಂದೊಂದೇ ಗೆರೆ. ಮುನ್ನೂರ ಹತ್ತಕ್ಕೆ ಹೋಗಿ ನಿಂತಿತು.

ನರ್ಸಿನ ಪೆನ್ನು ಗಾಳಿಯಲ್ಲೇ ಉಳಿಯಿತು. "ಅಮ್ಮಾ... ನೀವು ಬಾಯಿಂದ ತೆಗೆದಿದ್ರಲ್ಲಾ?"

"ತೆಗೆದಿದ್ದೆ," ಅಂದಳು ಅಕ್ಕ. "ಮುಳ್ಳು ಎಲ್ಲಿದೆ ನೋಡಿ. ನೋಡಿದ್ದನ್ನ ಬರ್ಕೊಳ್ಳಿ."

ನರ್ಸು ಬರೆದುಕೊಂಡಳು. ಸೋಮವಾರದಿಂದ ಅಕ್ಕ ತನ್ನ ಏರಿಯಾದಲ್ಲಿದ್ದಾಳೆ. ಆ ಮುಳ್ಳು ಓಡುವಾಗ ನಾನು ಮೂರು ಅಡಿ ದೂರದಲ್ಲಿ ನಿಂತಿದ್ದೆ. ಕನ್ನಡಕ ಹಾಕಿಕೊಂಡಿದ್ದೆ. ಕಿಟಕಿ ಮುಚ್ಚಿತ್ತು. ಕೊಳವೆಯ ಹತ್ತಿರ ಯಾರ ಬಾಯಿಯೂ ಇರಲಿಲ್ಲ.